ಮೀನಿನ ಮೈಮೇಲಿನ ಬಿಳಿಯ ಚುಕ್ಕೆ

ಮೂವತ್ತೈದು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ಮೀನಿನ ಕಾಯಿಲೆಯ ಮೇಲೆ ಮಾತನಾಡಲು ಮೈಕಿನ ಮುಂದೆ ಕುಳಿತಿದ್ದಾನೆಂದರೆ ಕೇಳುವವರಿಗೆ ನಗು ಬರುವುದು ಸಹಜವೇ. ಮತ್ಸ್ಯಾವತಾರದ ಮೇಲೆ ಮಾತನಾಡೆಂದಿದ್ದರೆ ಈ ಹದಿನೈದು ನಿಮಿಷ ಸಾಲದೆಂದು ಜಗಳ ತೆಗೆಯುತ್ತಿದ್ದೆ. ಸಾಧಾರಣ ಮೀನಿನ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರ ನನಗೆ ಬಂದದ್ದು ಆರು ಮೀನುಗಳನ್ನು ಕೊಂದ ಮೇಲೆ. ಕೊಂದೆನೆಂಬ ಮಾತನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಔಷಧ ಕೈಯಲ್ಲಿತ್ತು, ಸಮಯವೂ ಇತ್ತು. ನನಗೆ ದಿನ ಎಣಿಸಲು ಬರಲಿಲ್ಲ, ಅವು ಸತ್ತವು.

ಗಾಜಿನ ತೊಟ್ಟಿ ನನ್ನದಲ್ಲ, ಮೊಮ್ಮಗನದು. ಮಗನಿಗೆ ಮೈಸೂರಿನಿಂದ ದೂರದ ಊರಿಗೆ ವರ್ಗವಾದಾಗ ಮನೆಯ ಸಾಮಾನೆಲ್ಲ ಲಾರಿ ಹತ್ತಿತು. ನೀರೂ ಮೀನೂ ತುಂಬಿದ ತೊಟ್ಟಿ ಹತ್ತುವುದು ಹೇಗೆ? ಹನ್ನೊಂದು ವರ್ಷದ ಹುಡುಗ ಅದನ್ನು ನಮ್ಮ ಹಜಾರದ ಕಿಟಕಿಯ ಪಕ್ಕದಲ್ಲಿ ಇರಿಸಿ, ‘ಬೇಸಿಗೆ ರಜಕ್ಕೆ ಬರ್ತೀನಿ ತಾತ, ಅಲ್ಲೀವರೆಗೆ ನೀವು ನೋಡ್ಕೋಬೇಕು’ ಎಂದು ಒಪ್ಪಿಸಿ ಹೋದ. ನಾಲ್ಕು ಮೋಲಿ, ಮೂರು ಪ್ಲಾಟಿ, ಎರಡು ಗಪ್ಪಿ, ಒಟ್ಟು ಒಂಬತ್ತು. ನೋಟುಪುಸ್ತಕದ ಹಾಳೆಯೊಂದರಲ್ಲಿ ಪಾಲಿಸಬೇಕಾದ ನಿಯಮಗಳನ್ನೂ ಬರೆದುಕೊಟ್ಟಿದ್ದ. ಆ ಹಾಳೆಯನ್ನು ನಾನು ಬಹಳ ಜೋಪಾನವಾಗಿ ಎತ್ತಿಟ್ಟೆ. ಓದಲಿಲ್ಲ.

ಡಿಸೆಂಬರು ಬಂತು. ತೊಟ್ಟಿ ಬರಿದಾಗಿ ಕಾಣುತ್ತಿದೆಯೆಂದು ನನಗೇ ಅನ್ನಿಸಿ, ಅಂಗಡಿಯಿಂದ ಎರಡು ಕಪ್ಪು ಮೋಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಚೀಲದ ನೀರಿನ ಸಮೇತ ತೊಟ್ಟಿಗೆ ಸುರಿದೆ. ಐದನೆಯ ದಿನ ಬೆಳಿಗ್ಗೆ ಮನೆಯಾಕೆ ಕಾಫಿ ಲೋಟ ಕೈಗಿಡುತ್ತ, ‘ಏನ್ರೀ, ಮೀನಿಗೆ ರವೆ ಹಾಕಿದ್ರಾ?’ ಎಂದರು. ನೋಡಿದರೆ ಆ ಕಪ್ಪು ಮೈಗಳ ಮೇಲೆ ಸಣ್ಣ ರವೆಯ ಕಾಳುಗಳಂಥ ಬಿಳಿಯ ಚುಕ್ಕೆಗಳು. ಮೈಯನ್ನು ಅಡ್ಡ ಮಾಡಿ ತಳದ ಕಲ್ಲುಗಳಿಗೆ ಉಜ್ಜಿಕೊಳ್ಳುತ್ತಿದ್ದವು. ರೆಕ್ಕೆಗಳು ಮುದುಡಿದ್ದವು. ಅಂಗಡಿಯವರು ಕಡುಹಸಿರು ಬಣ್ಣದ ಔಷಧದ ಸೀಸೆ ಕೊಟ್ಟರು. ದಿನಕ್ಕಿಷ್ಟು ತೊಟ್ಟೆಂದು ಹಾಕಿದೆ. ಮೂರನೆಯ ದಿನ ಚುಕ್ಕೆಗಳು ಮಾಯ! ಸೀಸೆಯನ್ನು ಕಪಾಟಿನ ಮೇಲಿಟ್ಟು ಮೊಮ್ಮಗನಿಗೆ ಫೋನು ಮಾಡಿ, ವೈದ್ಯನ ಗತ್ತಿನಲ್ಲಿ ವರ್ತಮಾನ ತಿಳಿಸಿದೆ.

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ತೊಟ್ಟಿಯಲ್ಲಿ ಚುಕ್ಕೆಯಿಲ್ಲದ ಮೀನು ಒಂದೂ ಇರಲಿಲ್ಲ. ಈ ಸಲ ರವೆ ಚೆಲ್ಲಿದ ಹಾಗಲ್ಲ, ಮೈಗೆ ಉಪ್ಪು ಸವರಿದ ಹಾಗೆ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುತ್ತಿದ್ದವು. ಮತ್ತೆ ಸೀಸೆ ಇಳಿಸಿದೆ. ನಾಲ್ಕು ದಿನಗಳಲ್ಲಿ ಆರು ಸತ್ತವು.

ಪಶುವೈದ್ಯ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಕೀರ್ತಿವರ್ಮನ ‘ಗೋವೈದ್ಯ’ವನ್ನು ತರಗತಿಯಲ್ಲಿ ಹೆಸರಿಸಿ ಮುಂದೆ ಹೋದವನು ನಾನು. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ, ಆದರೆ ಆ ದೊರೆಯ ಆಸಕ್ತಿ ಮೀನಿಗೆ ಯಾವ ತಿನಿಸು ತೋರಿಸಿ ಗಾಳ ಹಾಕಬೇಕೆಂಬುದರಲ್ಲಿ. ಉಳಿದ ಐದು ಮೀನುಗಳನ್ನು ಬದುಕಿಸಿಕೊಳ್ಳಬೇಕಾಗಿದ್ದ ನಾನು ಮೊರೆಹೊಕ್ಕದ್ದು ನಮ್ಮ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಗೆಳೆಯರೊಬ್ಬರನ್ನು. ಅವರು ಹಳೆಯ ಸೂಕ್ಷ್ಮದರ್ಶಕವನ್ನು ಹೊತ್ತು ಬಂದರು. ಸಾಯುತ್ತಿದ್ದ ಮೀನಿನ ಮೈಯ ಲೋಳೆಯನ್ನು ನವಿರಾಗಿ ಕೆರೆದು ಗಾಜಿನ ಮೇಲೆ ಹಚ್ಚಿ, ‘ನೋಡಿ’ ಎಂದರು. ದುಂಡನೆಯ ಬೂದುಬಣ್ಣದ ಗೋಲವೊಂದು ಆತುರವಿಲ್ಲದೆ ಉರುಳುತ್ತಿತ್ತು. ಅದರ ಒಳಗೆ ಕುದುರೆಯ ಲಾಳದ ಆಕಾರದ ಕೋಶಕೇಂದ್ರ. ಇಷ್ಟು ಕಂಡರೆ ಸಾಕು, ಬೇರೆ ಸಾಕ್ಷ್ಯ ಬೇಡವಂತೆ. ನಾನು ಔಷಧ ಕೊಟ್ಟ ಕಥೆಯನ್ನು ಕೇಳಿ ಅವರು ಆಡಿದ ಮಾತು ಈಗಲೂ ಕಿವಿಯಲ್ಲಿದೆ: ‘ಮೇಷ್ಟ್ರೇ, ನೀವು ಒಂದು ತೊಟ್ಟು ಔಷಧ ಹಾಕದೆ ಇದ್ದಿದ್ದರೂ ಮೂರನೇ ದಿನ ಆ ಚುಕ್ಕೆ ಹೋಗ್ತಿತ್ತು.’

ಈ ಒಂದು ವಾಕ್ಯದ ವ್ಯಾಖ್ಯಾನವೇ ನನ್ನ ಇಂದಿನ ಭಾಷಣವೆಂದು ತಿಳಿಯಬಹುದು.

ನಾವು ಚುಕ್ಕೆಯೆಂದು ಕರೆಯುವುದು ಹುಣ್ಣಲ್ಲ, ಕಲೆಯಲ್ಲ. ಅದೇ ಒಂದು ಪ್ರಾಣಿ. ಒಂದೇ ಕೋಶದ ಪ್ರಾಣಿಯಾದರೂ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಬೆಳೆಯುವುದರಿಂದ ಬರಿಗಣ್ಣಿಗೆ ಕಾಣುತ್ತದೆ. ಮೈತುಂಬ ನವಿರಾದ ಕೂದಲಂಥ ಎಳೆಗಳಿದ್ದು, ಅವನ್ನು ಬಡಿಯುತ್ತ ಚಲಿಸುತ್ತದೆ. ೧೮೭೬ರಲ್ಲಿ ಫೂಕೆ ಎಂಬ ಫ್ರೆಂಚ್ ವಿಜ್ಞಾನಿ ಇದಕ್ಕೆ ‘ಇಕ್ಥಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್’ ಎಂದು ನಾಮಕರಣ ಮಾಡಿದ. ನಾಲಿಗೆ ತೊಡರುವ ಹೆಸರು. ಅರ್ಥ ಮಾತ್ರ ಸೊಗಸಾಗಿದೆ. ಗ್ರೀಕಿನ ಮೀನು, ಗ್ರೀಕಿನ ಹೇನು, ಲ್ಯಾಟಿನ್ನಿನ ಬಹುಪುತ್ರತ್ವ ಮೂರೂ ಸೇರಿ ‘ಬಹುಸಂತಾನದ ಮೀನುಹೇನು’ ಎಂದಾಯಿತು. ಹೇನೆಂಬುದು ಬರಿಯ ಹೋಲಿಕೆ. ಬಹುಸಂತಾನವೆಂಬುದು ಅಕ್ಷರಶಃ ಸತ್ಯ, ಮತ್ತು ನನ್ನ ಸೋಲಿನ ಗುಟ್ಟು ಇದ್ದದ್ದು ಆ ವಿಶೇಷಣದಲ್ಲೇ.

ಈ ಪ್ರಾಣಿ ಮೀನಿನ ಮೈಮೇಲೆ ಕುಳಿತಿರುವುದಿಲ್ಲ, ಹೊರಚರ್ಮದ ಕೆಳಗೆ ಹೊಕ್ಕಿರುತ್ತದೆ. ಮೀನಿನ ಚರ್ಮವೇ ಅದಕ್ಕೆ ಸೂರು. ಅಲ್ಲಿ ಅಂಗಾಂಶವನ್ನು ತಿನ್ನುತ್ತ ಬೆಳೆಯುತ್ತದೆ. ನೀರಿಗೆ ಹಾಕಿದ ಸಾಮಾನ್ಯ ಔಷಧ ಆ ಸೂರನ್ನು ದಾಟಿ ಅದನ್ನು ಮುಟ್ಟಲಾರದು. ಬೆಳೆದು ಬಲಿತ ಮೇಲೆ ಅದು ತಾನಾಗಿಯೇ ಚರ್ಮವನ್ನು ಸೀಳಿ ಹೊರಬಂದು ನೀರಿಗಿಳಿಯುತ್ತದೆ. ಆಗ ಚುಕ್ಕೆ ಮಾಯವಾಗುತ್ತದೆ, ನನ್ನಂಥವನು ಗೆದ್ದೆನೆಂದುಕೊಳ್ಳುತ್ತಾನೆ. ಹೊರಬಿದ್ದದ್ದು ತಳದ ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಲೋಳೆಯ ಕೋಟೆ ಕಟ್ಟಿಕೊಂಡು, ಒಳಗೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಒಂದೇ ಗೂಡಿನಲ್ಲಿ ನೂರಾರು ಮರಿಗಳು ಸಿದ್ಧವಾಗುತ್ತವೆ. ಕೆಲವು ಸಲ ಸಾವಿರವೂ ಉಂಟು. ಕೋಟೆಯೊಳಗೆ ಇರುವಾಗಲೂ ಔಷಧ ಅವನ್ನು ಮುಟ್ಟದು. ಗೂಡು ಒಡೆದು ಮರಿಗಳು ಹೊರಗೆ ಬಂದು ಮೀನನ್ನು ಹುಡುಕುತ್ತ ಈಜುತ್ತವೆ. ಈಗ ಅವುಗಳ ಮೇಲೆ ಸೂರಿಲ್ಲ, ಕೋಟೆಯಿಲ್ಲ. ಎರಡು ದಿನಗಳ ಆಸುಪಾಸಿನಲ್ಲಿ ಮೀನು ಸಿಗದಿದ್ದರೆ ತಾವಾಗಿಯೇ ಸಾಯುತ್ತವೆ. ಔಷಧಕ್ಕೆ ಸಿಗುವುದು ಮುಖ್ಯವಾಗಿ ಈ ಗಳಿಗೆಯಲ್ಲಿ. ಈ ಗಳಿಗೆಯಲ್ಲೇ ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಚುಕ್ಕೆ ಕಾಣುವಾಗ ಔಷಧ ಅದನ್ನು ಕೊಲ್ಲದು. ಔಷಧ ಕೊಲ್ಲಬಲ್ಲ ಕಾಲದಲ್ಲಿ ಚುಕ್ಕೆಯೇ ಇರುವುದಿಲ್ಲ. ನಾನು ಸೀಸೆಯನ್ನು ಕಪಾಟಿನ ಮೇಲಿಟ್ಟ ದಿನವೇ ಅದರ ಕೆಲಸ ಆರಂಭವಾಗಬೇಕಾಗಿತ್ತು.

ಇನ್ನು ದಿನಗಳ ಲೆಕ್ಕ. ಈ ಜೀವಿಯ ಪಂಚಾಂಗವನ್ನು ನಡೆಸುವುದು ನೀರಿನ ಉಷ್ಣತೆ. ೨೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಒಂದು ಸುತ್ತು ಹೆಚ್ಚುಕಡಿಮೆ ಒಂದು ವಾರದಲ್ಲಿ ಮುಗಿಯುತ್ತದೆ. ನೀರು ತಣ್ಣಗಾದಂತೆ ಸುತ್ತು ದೀರ್ಘವಾಗುತ್ತ, ೧೫ ಡಿಗ್ರಿಯ ಕೆಳಗೆ ಹಲವು ವಾರಗಳನ್ನೇ ತೆಗೆದುಕೊಳ್ಳುತ್ತದೆ. ಮೈಸೂರಿನ ಡಿಸೆಂಬರು ರಾತ್ರಿಯಲ್ಲಿ ತೆರೆದ ಕಿಟಕಿಯ ಪಕ್ಕದ ತೊಟ್ಟಿ ತಣ್ಣಗಾಗುತ್ತಿತ್ತು. ಮೀನಿನ ಶಕ್ತಿಯೂ ಕುಂದುತ್ತಿತ್ತು, ಶತ್ರುವಿನ ನಡಿಗೆಯೂ ನಿಧಾನವಾಗುತ್ತಿತ್ತು. ಆ ಒಂಬತ್ತು ದಿನಗಳ ಮೌನಕ್ಕೆ ಇದೇ ಕಾರಣ. ಹುಡುಗ ಬಿಟ್ಟುಹೋಗಿದ್ದ ಹೀಟರು ಮೇಜಿನ ಖಾನೆಯಲ್ಲಿ ಬೆಚ್ಚಗೆ ಮಲಗಿತ್ತು.

ಗೆಳೆಯರು ನಡೆಸಿದ ಚಿಕಿತ್ಸೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಮೊದಲು ಅವರು ಕೇಳಿದ್ದು ಅಳತೆಯ ಪಟ್ಟಿಯನ್ನು. ತೊಟ್ಟಿ ೬೦ ಸೆಂಟಿಮೀಟರು ಉದ್ದ, ೩೦ ಅಗಲ, ನೀರಿನ ಎತ್ತರ ೩೦. ಗುಣಿಸಿದರೆ ೫೪ ಲೀಟರು. ಕಲ್ಲು ಮರಳಿನ ಪಾಲು ಕಳೆದು ೫೦ ಎಂದಿಟ್ಟುಕೊಂಡರು. ಅಂದಾಜಿನಲ್ಲಿ ‘ಒಂದು ಚಮಚ, ಎರಡು ಹನಿ’ ಎಂದು ಹಾಕುವುದನ್ನು ಅವರು ಒಪ್ಪುವುದಿಲ್ಲ. ಲೀಟರಿಗೆ ೨ ಗ್ರಾಂ ಲೆಕ್ಕದಲ್ಲಿ, ಏನೂ ಬೆರೆಸದ ಹರಳುಪ್ಪು ೧೦೦ ಗ್ರಾಂ ತೂಗಿಸಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಸುರಿಸಿದರು. ಹೀಟರನ್ನು ಇಳಿಬಿಟ್ಟು ನೀರನ್ನು ಎರಡು ದಿನಗಳಲ್ಲಿ ಮೆಲ್ಲಮೆಲ್ಲನೆ ೩೦ ಡಿಗ್ರಿಗೆ ಏರಿಸಿದರು. ಶಾಖ ಹೆಚ್ಚಿದಾಗ ಈ ಜೀವಿಯ ಸುತ್ತು ಬೇಗ ಬೇಗ ಸಾಗಿ, ಅದು ಅಡಗಿರುವ ಕಾಲ ಕಡಮೆಯಾಗುತ್ತದೆ. ೩೦ರ ಸುಮಾರಿಗೆ ಅದರ ಸಂತಾನವೃದ್ಧಿಯೂ ಕುಗ್ಗುತ್ತದೆ. ಆದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಮೆ ಕರಗುತ್ತದೆ, ಕಿವಿರಿಗೇ ರೋಗ ತಗುಲಿದ ಮೀನಿಗೆ ಅದೇ ಬೇಕು. ಆದ್ದರಿಂದ ಗಾಳಿ ಊದುವ ಪಂಪು ಹಗಲೂ ಇರುಳೂ ಗುರುಗುಟ್ಟುತ್ತಿರಬೇಕು. ಮನೆಯಾಕೆಗೆ ಅದರ ಸದ್ದಿನಿಂದ ನಿದ್ದೆ ಕೆಟ್ಟಿತು, ದೂರಲಿಲ್ಲ.

ದಿನ ಬಿಟ್ಟು ದಿನ ತಳದ ಕಸವನ್ನು ಕೊಳವೆಯಿಂದ ಎಳೆದು ಕಾಲುಭಾಗ ನೀರು ಬದಲಾಯಿಸುವುದು ನನ್ನ ಪಾಲಿಗೆ ಬಂತು. ಗೂಡುಗಳಿರುವುದು ತಳದಲ್ಲಿ, ಒಂದು ಗೂಡು ಹೊರಗೆ ಹೋದರೆ ಕೆಲವು ನೂರು ಮರಿಗಳು ಹೋದ ಹಾಗೆ. ಹೊಸದಾಗಿ ಹೊಯ್ಯುವ ೧೨ ಲೀಟರಿಗೆ ೨೪ ಗ್ರಾಂ ಉಪ್ಪು ಮಾತ್ರ ಸೇರಿಸಬೇಕು, ೧೦೦ ಅಲ್ಲ. ನೀರು ಆವಿಯಾಗಿ ಕಡಮೆಯಾದರೆ ಬರಿಯ ನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದದ್ದಾಗಿರಬೇಕು. ಕೊನೆಯ ಚುಕ್ಕೆ ಕಾಣೆಯಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಅಲ್ಲಿಂದ ಹತ್ತು ದಿನ ಇದೇ ಕ್ರಮ ನಡೆಯಬೇಕೆಂದರು. ಏನೂ ಕಾಣದ ಆ ಹತ್ತು ದಿನ ಉಪ್ಪು ತೂಗುತ್ತ ಕೂರುವುದಿದೆಯಲ್ಲ, ನನ್ನಂಥ ಆತುರದವನಿಗೆ ಅದೇ ನಿಜವಾದ ಪಥ್ಯ.

ಅಂಗಡಿಯ ಔಷಧ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅಂಥ ಸೀಸೆಗಳಲ್ಲಿ ಸಾಮಾನ್ಯವಾಗಿರುವುದು ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ, ಕೆಲವದರಲ್ಲಿ ಅದರೊಡನೆ ಫಾರ್ಮಲಿನ್. ಮ್ಯಾಲಕೈಟ್ ಎಂಬುದು ತಾಮ್ರದ ಹಸಿರು ಅದಿರಿನ ಹೆಸರಾದರೂ ಈ ಬಣ್ಣದಲ್ಲಿ ತಾಮ್ರದ ಸೋಂಕೂ ಇಲ್ಲ. ಅಂಕಿತನಾಮವನ್ನು ನಂಬಿ ಅರ್ಥ ಹೇಳಬಾರದೆಂಬುದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಈ ರೋಗಕ್ಕೆ ಸಲ್ಲುವ ಔಷಧಗಳೇ, ಎರಡೂ ವಿಷಗಳೇ. ಮ್ಯಾಲಕೈಟ್ ಗ್ರೀನನ್ನು ತಿನ್ನುವ ಮೀನಿಗೆ ಬಳಸುವುದು ಹಲವು ದೇಶಗಳಲ್ಲಿ ನಿಷಿದ್ಧ. ಕೈಗೆ ತಾಗದಂತೆ, ಮಕ್ಕಳಿಗೆ ಎಟುಕದಂತೆ ಇಡಬೇಕು. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಡಮೆ ಮಾಡುತ್ತದೆ. ಸೀಸೆಯ ತಳದಲ್ಲಿ ಬಿಳಿಯ ಗಷ್ಟು ಕೂತಿದ್ದರೆ ಅದನ್ನು ಮುಟ್ಟಲೇಬಾರದು. ಫಿಲ್ಟರಿನಲ್ಲಿ ಇದ್ದಿಲಿದ್ದರೆ ಔಷಧ ಹಾಕುವ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಔಷಧವನ್ನೆಲ್ಲ ಅದೇ ಹೀರಿಬಿಡುತ್ತದೆ. ಮೀಸೆಯ ಕ್ಯಾಟ್‌ಫಿಶ್, ಲೋಚ್ ಮೊದಲಾದ, ಹುರುಪೆಯಿಲ್ಲದ ಅಥವಾ ತೀರ ಸಣ್ಣ ಹುರುಪೆಯ ಮೀನುಗಳಿಗೆ ಉಪ್ಪೂ ಬಣ್ಣವೂ ಬೇಗ ನಂಜಾಗುತ್ತವೆ. ನಮ್ಮದು ಮೋಲಿಗಳ ಸಂಸಾರ, ಅವು ಉಪ್ಪನ್ನು ಸಲೀಸಾಗಿ ತಾಳುತ್ತವೆ.

ಇಷ್ಟು ಕಲಿತ ಮೇಲೆ ನನಗೆ ಕೋಡು ಬಂದವು. ಎದುರುಮನೆಯವರು ತಮ್ಮ ಗೋಲ್ಡ್‌ಫಿಶ್ಶಿಗೂ ಬಿಳಿಯ ಚುಕ್ಕೆಗಳಾಗಿವೆಯೆಂದು ಕರೆದರು. ಹೋಗಿ ನೋಡಿದೆ: ಕಿವಿರಿನ ಮುಚ್ಚಳದ ಮೇಲೆ ಸಾಲಾಗಿ ಬಿಳಿಯ ಕಾಳುಗಳು, ಎದೆಯ ಪಕ್ಕದ ರೆಕ್ಕೆಯ ಮುಂಗಡ್ಡಿಯ ಮೇಲೂ ಹಾಗೆಯೇ. ತಡಮಾಡದೆ ಉಪ್ಪು ತೂಗಿಸಿದೆ, ಹೀಟರು ಬರೆದುಕೊಟ್ಟೆ. ಸಂಜೆ ಗೆಳೆಯರಿಗೆ ವರ್ಣಿಸಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ ನಗೆ ಬೀದಿಗೆಲ್ಲ ಕೇಳಿರಬೇಕು. ಸಂತಾನಕಾಲದಲ್ಲಿ ಗಂಡು ಗೋಲ್ಡ್‌ಫಿಶ್ಶಿಗೆ ಕಿವಿರಿನ ಮುಚ್ಚಳದ ಮೇಲೆ, ಆ ರೆಕ್ಕೆಯ ಅಂಚಿನ ಮೇಲೆ ಇಂಥ ಕಾಳುಗಳು ಏಳುವುದು ಸಹಜಧರ್ಮ. ಬಾಸಿಂಗ ಕಟ್ಟಿಕೊಂಡು ನಿಂತ ಮದುವಣಿಗನಿಗೆ ನಾನು ಜ್ವರದ ಕಷಾಯ ಕುಡಿಸಿದ್ದೆ!

ಓಲೆಗರಿ ಓದಿದವನು ಹೀಗೆ ಎಡವಬಾರದಾಗಿತ್ತು. ಗರಿಯ ಮೇಲೆ ಅಕ್ಷರದ ಪಕ್ಕ ಒಂದು ಸಣ್ಣ ದುಂಡು ಕಂಡರೆ ಅದು ಸೊನ್ನೆಯೋ, ಹುಳು ಕೊರೆದ ತೂತೋ ಎಂದು ತಡೆದು ನೋಡಬೇಕು. ಬೆಳಕಿಗೆ ಹಿಡಿದರೆ ತೂತಿನಲ್ಲಿ ಬೆಳಕು ತೂರುತ್ತದೆ, ಸೊನ್ನೆಯಲ್ಲಿ ತೂರದು. ಮೀನಿಗೂ ಅದೇ ನ್ಯಾಯ. ಚುಕ್ಕೆಗಳು ಎಲ್ಲೆಂದರಲ್ಲಿ ಚೆದರಿವೆಯೋ, ಒಂದು ಕಡೆ ಶಿಸ್ತಾಗಿ ಸಾಲುಗಟ್ಟಿವೆಯೋ? ಎರಡು ದಿನಗಳಲ್ಲಿ ಜಾಗ ಬದಲಾಯಿಸಿದವೋ, ಇದ್ದಲ್ಲೇ ಇವೆಯೋ? ಮೀನು ಮೈ ಉಜ್ಜುತ್ತಿದೆಯೋ, ಉಂಡು ಆಡಿಕೊಂಡಿದೆಯೋ? ಮದುವಣಿಗನು ಚೆನ್ನಾಗಿ ಉಣ್ಣುತ್ತಿದ್ದುದನ್ನು ನಾನು ನೋಡಿದ್ದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಚುಕ್ಕೆಯ ವೇಷ ಹಾಕಿ ಬರುವವು ಇನ್ನೂ ಇವೆ. ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಮೈಮೇಲೆ ರವೆಯ ಬದಲು ಚಿನ್ನದ ಧೂಳು ಮಿನುಗಿದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಅದನ್ನು ತರುವ ಜೀವಿಗೆ ಸಸ್ಯದ ಗುಣವೂ ಉಂಟು, ಬೆಳಕಿನಿಂದ ಪುಷ್ಟಿ ಪಡೆಯಬಲ್ಲದು. ಆದ್ದರಿಂದ ತೊಟ್ಟಿಗೆ ಕತ್ತಲು ಕವಿಸುವುದೂ ಚಿಕಿತ್ಸೆಯ ಒಂದು ಅಂಗ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಎದ್ದು ವಾರಗಟ್ಟಲೆ ಅಲ್ಲೇ ಕೂತಿದ್ದರೆ ವೈರಸ್ಸಿನ ಕೆಲಸ. ಅದಕ್ಕೆ ಔಷಧವಿಲ್ಲ, ಮೀನನ್ನು ನೆಮ್ಮದಿಯಿಂದ ಇರಗೊಟ್ಟರೆ ಹಲವು ಸಲ ತಾನೇ ಇಳಿಯುತ್ತದೆ. ಹತ್ತಿಯ ಎಳೆಗಳಂತೆ ಬೆಳೆದದ್ದು ಬೂಷ್ಟು. ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದದ್ದು ಬೆನ್ನಿನ ಮೇಲೆ ಕುದುರೆಯ ಜೀನಿನ ಹಾಗೆ ಅಥವಾ ಬಾಯಿಯ ಸುತ್ತ ಹರಡುವ ಬಿಳಿಚು ಮಚ್ಚೆಯನ್ನು. ಅದು ಬ್ಯಾಕ್ಟೀರಿಯಾದ ರೋಗ. ಬಿಳಿಚುಕ್ಕೆಯೆಂದು ತಿಳಿದು ನೀರನ್ನು ಬಿಸಿ ಮಾಡಿದರೆ ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಆ ಬ್ಯಾಕ್ಟೀರಿಯಾಕ್ಕೆ ಶಾಖವೆಂದರೆ ಹಬ್ಬ. ಇನ್ನು ನಿಜವಾದ ಬಿಳಿಚುಕ್ಕೆ ರೋಗವೇ ಒಮ್ಮೊಮ್ಮೆ ಚುಕ್ಕೆಯಿಲ್ಲದೆ ಬರುತ್ತದೆ. ಕಿವಿರಿನ ಒಳಗೆ ಮಾತ್ರ ನೆಲಸಿದರೆ ಮೈ ಶುಭ್ರವಾಗಿರುತ್ತದೆ, ಮೀನು ಏದುತ್ತದೆ. ಅಲ್ಲಿ ಸೂಕ್ಷ್ಮದರ್ಶಕವಿಲ್ಲದೆ ನಿರ್ಣಯವಿಲ್ಲ.

ಸಮುದ್ರದ ಮೀನು ಸಾಕುವವರಿಗೂ ಬಿಳಿಚುಕ್ಕೆಯ ಕಾಟವಿದೆ. ಅಲ್ಲಿಯ ಜೀವಿ ‘ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್’. ೧೯೫೧ರಲ್ಲಿ ಬಂದ ಈ ಹೆಸರಿಗೆ ‘ಕೆರಳಿಸುವ ಗೂಢಕೇಂದ್ರಿ’ ಎಂದು ಅರ್ಥ ಹೇಳಬಹುದು. ಸಿಹಿನೀರಿನದಕ್ಕೆ ಇದು ಸ್ವಂತ ದಾಯಾದಿಯೆಂದೇ ಬಹುಕಾಲ ಭಾವಿಸಿದ್ದರು. ಅದೇ ರೂಪ, ಅದೇ ಬಾಳಿನ ಸುತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಎರಡರದೂ ದೂರದೂರದ ಮನೆತನವೆಂದು ಗೊತ್ತಾಯಿತು. ಇದರ ಗೂಡುಗಳು ಒಟ್ಟಿಗೆ ಒಡೆಯುವುದಿಲ್ಲ. ಕೆಲವು ಮೂರು ದಿನಕ್ಕೆ, ಕೆಲವು ತಿಂಗಳಿಗೆ. ಹತ್ತು ದಿನಗಳ ಗುರುತು ಇಲ್ಲಿ ನಡೆಯದು. ಕರಾವಳಿಯ ಕಡೆ ಬಿಳಿಚುಕ್ಕೆ ರೋಗವೆಂದರೆ ಸಿಗಡಿ ಕೃಷಿಕರಿಗೆ ನೆನಪಾಗುವುದು ಮತ್ತೊಂದು. ೧೯೯೦ರ ದಶಕದ ನಡುವಿನಲ್ಲಿ ಭಾರತದ ಸಿಗಡಿ ಹೊಂಡಗಳನ್ನು ಬರಿದು ಮಾಡಿದ ಆ ರೋಗ ವೈರಸ್ಸಿನದು. ಹೊಂಡಕ್ಕೆ ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಹೆಸರು ಮಾತ್ರ ಒಂದೇ.

ಮತ್ತೆ ನಮ್ಮ ಹಜಾರಕ್ಕೆ ಬರುತ್ತೇನೆ. ಐದು ಮೀನುಗಳು ಉಳಿದವು. ಸತ್ತ ಆರರಲ್ಲಿ ಹುಡುಗ ಬಿಟ್ಟುಹೋದವು ನಾಲ್ಕು, ನಾನು ತಂದವು ಎರಡು. ಅಂಥವೇ ನಾಲ್ಕನ್ನು ತಂದು ಬಿಟ್ಟರೆ ಮಗುವಿಗೆ ಗೊತ್ತಾಗುವುದಿಲ್ಲವೆಂಬ ಯೋಚನೆ ನನಗೆ ಬಂತೆಂದು ಒಪ್ಪಿಕೊಳ್ಳುತ್ತೇನೆ. ಹಣ ಹಿಡಿದು ಅಂಗಡಿಯವರೆಗೂ ಹೋದೆ. ಅಲ್ಲಿಯ ತೊಟ್ಟಿಯಲ್ಲಿ ಒಂದು ಪ್ಲಾಟಿ, ಯಾರೂ ನೋಡುತ್ತಿಲ್ಲವೆಂಬಂತೆ, ಮೈಯನ್ನು ಅಡ್ಡ ಮಾಡಿ ಕಲ್ಲಿಗೊಮ್ಮೆ ಉಜ್ಜಿ ಮುಂದೆ ಹೋಯಿತು. ಬರಿಗೈಯಲ್ಲಿ ಬಂದೆ. ಅಂದಿನ ರಾತ್ರಿ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಕಡೆ ತುಸು ಹೊತ್ತು ಮಾತಿಲ್ಲ. ಆಮೇಲೆ, ‘ಹೊಸ ಮೋಲೀನ ಬಕೆಟ್ಟಲ್ಲಿ ಎಷ್ಟು ದಿನ ಇಟ್ಟಿದ್ರಿ ತಾತ?’ ಎಂದ.

ಯಾವ ಬಕೆಟ್ಟು ಎಂದು ಕೇಳುವಷ್ಟು ದಡ್ಡತನ ಮಾಡಲಿಲ್ಲ. ಫೋನು ಇಟ್ಟು ಹಾಳೆಯನ್ನು ಹುಡುಕಿ ತೆಗೆದೆ. ಮೂರನೆಯ ನಿಯಮ, ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದದ್ದು: ಹೊಸ ಮೀನು ತಂದರೆ ಮೂರು ವಾರ ಬೇರೆ ಇಡಬೇಕು, ಅಂಗಡಿ ನೀರು ತೊಟ್ಟಿಗೆ ಹಾಕಬಾರದು, ಬಲೆ ಕೂಡ ಬೇರೆ.

ಈಗ ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಮುಚ್ಚಳ ಹೊದಿಸಿದ ದೊಡ್ಡ ಬಕೆಟ್ಟಿನಲ್ಲಿ ಎರಡು ಮೋಲಿಗಳಿವೆ. ಅವಕ್ಕೆಂದೇ ಒಂದು ಸಣ್ಣ ಹೀಟರು, ಒಂದು ಗಾಳಿಯ ಕೊಳವೆ, ಒಂದು ಬಲೆ. ಇಂದಿಗೆ ಹದಿನಾಲ್ಕನೆಯ ದಿನ. ಮೈಮೇಲೆ ಏನೂ ಇಲ್ಲ. ಇನ್ನೂ ಏಳು ದಿನ ಇದೆ.